ಬಿಯರ್ ಕೆಗ್‌ಗಳ ಖರೀದಿ ಮತ್ತು ಗುತ್ತಿಗೆ

ಕೆಗ್ ಎಂಬುದು ಬಿಯರನ್ನು ಒತ್ತಡದಲ್ಲಿ ತುಂಬಿಟ್ಟು, ಸಾಗಿಸಿ, ನಲ್ಲಿಯ ಮೂಲಕ ಬಡಿಸಲು ಬಳಸುವ ಮುಚ್ಚಿದ ಪೀಪಾಯಿ. ಹೊಸದಾಗಿ ಆರಂಭವಾಗುವ ಸಣ್ಣ ಬ್ರೂವರಿಯೊಂದು, ಅಂದರೆ ಬಿಯರ್ ತಯಾರಿಸುವ ಘಟಕವೊಂದು, ತನಗೆ ಬೇಕಾದ ಕೆಗ್‌ಗಳನ್ನು ಸ್ವಂತಕ್ಕೆ ಕೊಳ್ಳಬಹುದು; ಇಲ್ಲವೇ ಗುತ್ತಿಗೆಯ (ಲೀಸ್) ಮೇಲೆ ಪಡೆಯಬಹುದು. ಒಂದು ಕೆಗ್‌ನ ಬೆಲೆ ದೊಡ್ಡದಲ್ಲ. ಆದರೆ ತುಂಬಿ ಹೊರಹೋದ ಕೆಗ್ ಖಾಲಿಯಾಗಿ ಮರಳಲು ಹಲವು ವಾರ ಹಿಡಿಯುವುದರಿಂದ, ವಾರಕ್ಕೆ ತುಂಬುವ ಸಂಖ್ಯೆಯ ಹಲವು ಪಟ್ಟು ಕೆಗ್‌ಗಳು ಬ್ರೂವರಿಯ ಬಳಿ ಇರಬೇಕಾಗುತ್ತದೆ. ಹೀಗಾಗಿ ಹೊಸ ಘಟಕದ ಬಂಡವಾಳದಲ್ಲಿ ಗಣನೀಯ ಭಾಗ ಈ ಪೀಪಾಯಿಗಳಲ್ಲಿ ತೊಡಗುತ್ತದೆ. ಖರೀದಿ ಮತ್ತು ಗುತ್ತಿಗೆಗಳ ನಡುವಿನ ಆಯ್ಕೆಯು ಕೆಗ್‌ನ ಬೆಲೆಗಿಂತ ಹೆಚ್ಚಾಗಿ, ಅದು ಎಷ್ಟು ಬೇಗ ಮತ್ತು ಎಷ್ಟು ದೂರದಿಂದ ಹಿಂತಿರುಗುತ್ತದೆ ಎಂಬುದನ್ನು ಅವಲಂಬಿಸಿದೆ. ಈ ಲೇಖನವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಸಣ್ಣ ಬ್ರೂವರಿಗಳಲ್ಲಿ ರೂಢಿಯಲ್ಲಿರುವ ಪದ್ಧತಿಗಳನ್ನು ವಿವರಿಸುತ್ತದೆ.

ರಚನೆ ಮತ್ತು ಗಾತ್ರಗಳು

ಆಧುನಿಕ ಕೆಗ್ ತುಕ್ಕು ಹಿಡಿಯದ ಉಕ್ಕಿನಿಂದ (ಸ್ಟೇನ್‌ಲೆಸ್ ಸ್ಟೀಲ್) ಮಾಡಿದ ಉರುಳೆಯಾಕಾರದ ಪಾತ್ರೆ. ಇದರ ಮೇಲ್ಭಾಗದಲ್ಲಿ ಒಂದೇ ಒಂದು ಬಾಯಿ ಇರುತ್ತದೆ. ಆ ಬಾಯಿಯಲ್ಲಿ ಕವಾಟವೂ, ಕವಾಟದಿಂದ ತಳದವರೆಗೆ ಇಳಿಯುವ ಒಂದು ಕೊಳವೆಯೂ ಇರುತ್ತವೆ. ಈ ಕೊಳವೆಯನ್ನು ಸ್ಪಿಯರ್ ಎನ್ನುತ್ತಾರೆ. ಬಡಿಸುವಾಗ ಕವಾಟಕ್ಕೆ ಕಪ್ಲರ್ ಎಂಬ ಜೋಡಣೆಯನ್ನು ಸಿಕ್ಕಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒಳಕ್ಕೆ ಬಿಡಲಾಗುತ್ತದೆ. ಅನಿಲವು ಮೇಲಿನಿಂದ ಒತ್ತಿದಾಗ ಬಿಯರ್ ಸ್ಪಿಯರ್‌ನ ಮೂಲಕ ಮೇಲೇರಿ ನಲ್ಲಿಗೆ ಬರುತ್ತದೆ. ಹೊರಗಿನ ಗಾಳಿ ಬಿಯರಿಗೆ ತಾಗದಿರುವುದೇ ಈ ವ್ಯವಸ್ಥೆಯ ಮುಖ್ಯ ಗುಣ. ಅಮೆರಿಕದಲ್ಲಿ ‘ಡಿ’ ಮಾದರಿಯ ಕವಾಟವೂ ಯುರೋಪಿನ ಹಲವೆಡೆ ‘ಎಸ್’ ಮಾದರಿಯೂ ಹೆಚ್ಚು ಬಳಕೆಯಲ್ಲಿವೆ. ಒಂದು ಮಾದರಿಯ ಕಪ್ಲರ್ ಮತ್ತೊಂದಕ್ಕೆ ಹೊಂದುವುದಿಲ್ಲ.

ಅಮೆರಿಕದಲ್ಲಿ ಬಿಯರಿನ ಅಳತೆಯ ಮೂಲಮಾನ ಬ್ಯಾರೆಲ್. ಒಂದು ಬ್ಯಾರೆಲ್ ಎಂದರೆ 31 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 117 ಲೀಟರ್. ಕೆಗ್‌ಗಳನ್ನು ಇದರ ಭಿನ್ನಾಂಶಗಳಿಂದ ಹೆಸರಿಸಲಾಗುತ್ತದೆ.

• ಅರ್ಧ ಬ್ಯಾರೆಲ್: 15.5 ಗ್ಯಾಲನ್, ಸುಮಾರು 58.7 ಲೀಟರ್
• ಕಾಲು ಬ್ಯಾರೆಲ್: 7.75 ಗ್ಯಾಲನ್, ಸುಮಾರು 29.3 ಲೀಟರ್
• ಆರನೇ ಒಂದು ಬ್ಯಾರೆಲ್ (ಸಿಕ್ಸ್‌ಟೆಲ್): ಸುಮಾರು 19.5 ಲೀಟರ್

ಯುರೋಪಿನಲ್ಲಿ 50, 30 ಮತ್ತು 20 ಲೀಟರಿನ ಕೆಗ್‌ಗಳು ಸಾಮಾನ್ಯ. ತುಂಬಿದ ಅರ್ಧ ಬ್ಯಾರೆಲ್ ಕೆಗ್ ಸುಮಾರು 73 ಕಿಲೋಗ್ರಾಂ ತೂಗುತ್ತದೆ.

ಗಾತ್ರದ ಆಯ್ಕೆಯು ಬಂಡವಾಳದ ಲೆಕ್ಕವನ್ನು ನೇರವಾಗಿ ಪ್ರಭಾವಿಸುತ್ತದೆ. ಸಣ್ಣ ಬ್ರೂವರಿಗಳ ಬಿಯರನ್ನು ಬಾರ್‌ಗಳು ಹೆಚ್ಚಾಗಿ ಸಿಕ್ಸ್‌ಟೆಲ್‌ಗಳಲ್ಲಿ ಕೇಳುತ್ತವೆ. ಇಕ್ಕಟ್ಟಾದ ಶೀತಲ ಕೋಣೆಯಲ್ಲಿ ಇವು ಹಿಡಿಯುತ್ತವೆ, ಬೇಗ ಖಾಲಿಯಾಗುವುದರಿಂದ ಬಿಯರ್ ಹಳಸುವುದಿಲ್ಲ. ಆದರೆ ಒಂದು ಅರ್ಧ ಬ್ಯಾರೆಲ್ ಹಿಡಿಸುವಷ್ಟು ಬಿಯರಿಗೆ ಮೂರು ಸಿಕ್ಸ್‌ಟೆಲ್‌ಗಳು ಬೇಕು. ಸಿಕ್ಸ್‌ಟೆಲ್‌ನ ಬೆಲೆ ಮಾತ್ರ ಅರ್ಧ ಬ್ಯಾರೆಲ್ ಕೆಗ್‌ನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಬಹಳ ಹೆಚ್ಚು. ಎರಡರಲ್ಲೂ ಕವಾಟ, ಸ್ಪಿಯರ್ ಮತ್ತು ಬೆಸುಗೆಯ ಕೆಲಸ ಒಂದೇ ಬಗೆಯದಾಗಿರುವುದೇ ಇದಕ್ಕೆ ಕಾರಣ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೆ ಬಿಯರನ್ನು ಮರದ ಪೀಪಾಯಿಗಳಲ್ಲಿ ಸಾಗಿಸಲಾಗುತ್ತಿತ್ತು. ಅನಂತರ ಅಲ್ಯೂಮಿನಿಯಂ ಮತ್ತು ಉಕ್ಕಿನ ಪೀಪಾಯಿಗಳು ಬಳಕೆಗೆ ಬಂದವು. ಒಂದೇ ಬಾಯಿಯ, ಸ್ಪಿಯರ್ ಉಳ್ಳ ಕೆಗ್ ವ್ಯವಸ್ಥೆಯು ಬ್ರಿಟನ್ನಿನ ಜಿಕೆಎನ್ ಸ್ಯಾಂಕಿ ಕಂಪನಿಯ ಹೆಸರಿನಿಂದ ‘ಸ್ಯಾಂಕಿ ಕೆಗ್’ ಎಂದು ಪ್ರಸಿದ್ಧವಾಯಿತು. ಕೆಗ್ಗನ್ನು ಬಿಚ್ಚದೆಯೇ ಯಂತ್ರದಿಂದ ತೊಳೆದು ತುಂಬಲು ಅನುಕೂಲವಾದ್ದರಿಂದ ಇದು ಜಗತ್ತಿನ ಹೆಚ್ಚಿನ ಕಡೆ ಹಳೆಯ ವ್ಯವಸ್ಥೆಗಳನ್ನು ಹಿಂದಿಕ್ಕಿತು.

ದೊಡ್ಡ ಬ್ರೂವರಿಗಳಿಗೆ ಲಕ್ಷಾಂತರ ಕೆಗ್‌ಗಳನ್ನು ಕೊಂಡು ಇಟ್ಟುಕೊಳ್ಳುವುದು ಕಷ್ಟವಾಗಿರಲಿಲ್ಲ. ಪ್ರಶ್ನೆ ತೀವ್ರವಾದದ್ದು ಸಣ್ಣ ಬ್ರೂವರಿಗಳ ಕಾಲದಲ್ಲಿ. 1976ರಲ್ಲಿ ಜ್ಯಾಕ್ ಮೆಕಾಲಿಫ್ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಸ್ಥಾಪಿಸಿದ ನ್ಯೂ ಆಲ್ಬಿಯನ್ ಬ್ರೂವರಿಯನ್ನು ಅಮೆರಿಕದ ಸಣ್ಣ ಬ್ರೂವರಿ ಚಳವಳಿಯ ಆರಂಭಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಬಂಡವಾಳದ ಕೊರತೆಯಿಂದ ಅವರು ಹೈನುಗಾರಿಕೆಯ ಹಳೆಯ ಸಲಕರಣೆಗಳನ್ನು ಬಿಯರ್ ತಯಾರಿಕೆಗೆ ಹೊಂದಿಸಿಕೊಂಡಿದ್ದರು. ಮುಂದೆ ಇಂತಹ ಘಟಕಗಳ ಸಂಖ್ಯೆ ಬೆಳೆದಂತೆ, ಕೆಗ್‌ಗಳನ್ನು ಮಾತ್ರ ಒದಗಿಸುವ ಪ್ರತ್ಯೇಕ ಕಂಪನಿಗಳು ಹುಟ್ಟಿಕೊಂಡವು. 1990ರ ದಶಕದಲ್ಲಿ ಆರಂಭವಾದ ಕೊಲರಾಡೋ ರಾಜ್ಯದ ಮೈಕ್ರೋಸ್ಟಾರ್ ಮತ್ತು ಆಸ್ಟ್ರೇಲಿಯಾದಲ್ಲಿ ಆರಂಭವಾದ ಕೆಗ್‌ಸ್ಟಾರ್ ಇವುಗಳಲ್ಲಿ ಹೆಸರಾದವು.

ಕೆಗ್‌ನ ಸುತ್ತು

ಒಂದು ಕೆಗ್ ತುಂಬಿದ ದಿನದಿಂದ, ಖಾಲಿಯಾಗಿ ಮರಳಿ, ತೊಳೆದು, ಮತ್ತೆ ತುಂಬುವ ದಿನದವರೆಗಿನ ಅವಧಿಯನ್ನು ಅದರ ‘ಸುತ್ತು’ ಎನ್ನಬಹುದು. ಈ ಅವಧಿಯಲ್ಲಿ ಕೆಗ್ ಬ್ರೂವರಿಯ ಶೀತಲ ಕೋಣೆ, ವಿತರಕನ ಗೋದಾಮು, ಬಾರ್, ಮತ್ತೆ ವಿತರಕನ ಗೋದಾಮು ಹಾಗೂ ಬ್ರೂವರಿಯ ತೊಳೆಯುವ ಜಾಗ, ಹೀಗೆ ಹಲವು ಕಡೆ ತಂಗುತ್ತದೆ. ಬೇಕಾಗುವ ಕೆಗ್‌ಗಳ ಸಂಖ್ಯೆಯನ್ನು ಸರಳವಾದ ಗುಣಾಕಾರದಿಂದ ತಿಳಿಯಬಹುದು:

ಬೇಕಾದ ಕೆಗ್‌ಗಳು = ವಾರಕ್ಕೆ ತುಂಬುವ ಕೆಗ್‌ಗಳು × ಸುತ್ತಿನ ವಾರಗಳು

ವಾರಕ್ಕೆ 10 ಬ್ಯಾರೆಲ್ ಬಿಯರನ್ನು ಹೊರಗೆ ಕಳುಹಿಸುವ ಒಂದು ಘಟಕವನ್ನು ಊಹಿಸಿಕೊಳ್ಳೋಣ. ಅಷ್ಟನ್ನೂ ಅರ್ಧ ಬ್ಯಾರೆಲ್ ಕೆಗ್‌ಗಳಲ್ಲಿ ತುಂಬಿದರೆ ವಾರಕ್ಕೆ 20 ಕೆಗ್‌ಗಳಾಗುತ್ತವೆ. ಸುತ್ತು ಎಂಟು ವಾರಗಳದ್ದಾದರೆ 160 ಕೆಗ್‌ಗಳು ಬೇಕು. ಅದೇ ಬಿಯರನ್ನು ಸಿಕ್ಸ್‌ಟೆಲ್‌ಗಳಲ್ಲಿ ತುಂಬಿದರೆ ವಾರಕ್ಕೆ 60ರಂತೆ 480 ಕೆಗ್‌ಗಳು ಬೇಕು. ಸುತ್ತು ನಾಲ್ಕು ವಾರಕ್ಕೆ ಇಳಿದರೆ ಈ ಸಂಖ್ಯೆಗಳು ಅರ್ಧವಾಗುತ್ತವೆ; ಹನ್ನೆರಡು ವಾರಕ್ಕೆ ಏರಿದರೆ ಒಂದೂವರೆ ಪಟ್ಟಾಗುತ್ತವೆ. ಹಬ್ಬದ ದಿನಗಳ ಬೇಡಿಕೆ, ದುರಸ್ತಿಯಲ್ಲಿರುವ ಮತ್ತು ಕಳೆದುಹೋಗುವ ಕೆಗ್‌ಗಳಿಗಾಗಿ ಇದರ ಮೇಲೆ ಸ್ವಲ್ಪ ಹೆಚ್ಚುವರಿ ಸಂಖ್ಯೆಯನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ತನ್ನ ಊರಿನ ಬಾರ್‌ಗಳಿಗೆ ತಾನೇ ಬಿಯರ್ ತಲುಪಿಸಿ, ಅದೇ ವಾಹನದಲ್ಲಿ ಖಾಲಿ ಕೆಗ್‌ಗಳನ್ನು ಹೊತ್ತು ತರುವ ಬ್ರೂವರಿಯ ಸುತ್ತು ಚಿಕ್ಕದು. ವಿತರಕನ ಮೂಲಕ ಬೇರೆ ರಾಜ್ಯಕ್ಕೆ ಮಾರುವ ಬ್ರೂವರಿಯ ಸುತ್ತು ದೊಡ್ಡದು. ಖಾಲಿ ಕೆಗ್‌ಗಳನ್ನು ಲಾರಿ ತುಂಬುವಷ್ಟು ಕೂಡಿಸಿದ ಮೇಲೆ ಕಳುಹಿಸುವುದು ವಿತರಕರ ರೂಢಿ. ಸಣ್ಣ ಬ್ರೂವರಿಯ ಕೆಲವೇ ಕೆಗ್‌ಗಳು ಆ ಸಂಖ್ಯೆ ತಲುಪಲು ತಿಂಗಳುಗಳೇ ಬೇಕಾಗಬಹುದು.

ಖರೀದಿ

ಖರೀದಿಸಿದ ಕೆಗ್ ಬ್ರೂವರಿಯ ಸ್ಥಿರಾಸ್ತಿಯಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಉಕ್ಕಿನ ಕೆಗ್ ಹಲವು ದಶಕ ಬಾಳುತ್ತದೆ. ಕವಾಟ ಮತ್ತು ರಬ್ಬರಿನ ಸೀಲುಗಳನ್ನು ಮಾತ್ರ ಆಗಾಗ ಬದಲಿಸಬೇಕಾಗುತ್ತದೆ. ಕೆಗ್‌ನ ಮೈಮೇಲೆ ಬ್ರೂವರಿಯ ಹೆಸರನ್ನು ಉಬ್ಬಚ್ಚು ಮಾಡಿಸಬಹುದು. ಇದು ಪ್ರಚಾರಕ್ಕೂ, ಒಡೆತನದ ಸಾಕ್ಷಿಗೂ ಒದಗುತ್ತದೆ. ಘಟಕವನ್ನು ಮುಚ್ಚಬೇಕಾಗಿ ಬಂದರೆ ಕೆಗ್‌ಗಳನ್ನು ಮಾರಿ ಹಣದ ಒಂದಂಶವನ್ನು ಮರಳಿ ಪಡೆಯಬಹುದು. ಲೆಕ್ಕಪತ್ರದಲ್ಲಿ ಇವುಗಳ ಮೇಲೆ ಸವಕಳಿಯನ್ನು ತೋರಿಸಬಹುದು.

ಖರೀದಿಯ ತೊಡಕು ಎಂದರೆ ಮೊದಲ ದಿನವೇ ದೊಡ್ಡ ಮೊತ್ತ ಬೇಕಾಗುವುದು. ಆರಂಭದ ಬ್ರೂವರಿಗೆ ಇದೇ ಹಣದಿಂದ ಮತ್ತೊಂದು ಹುದುಗು ತೊಟ್ಟಿಯನ್ನೋ ಶೀತಲ ಕೋಣೆಯನ್ನೋ ಪಡೆಯುವ ಅವಕಾಶವಿರುತ್ತದೆ. ನಿರೀಕ್ಷಿಸಿದಷ್ಟು ಬಿಯರ್ ಮಾರಾಟವಾಗದಿದ್ದರೆ ಕೊಂಡ ಕೆಗ್‌ಗಳು ಗೋದಾಮಿನಲ್ಲಿ ಖಾಲಿ ಕೂರುತ್ತವೆ. ಕಳೆದುಹೋದ ಕೆಗ್‌ನ ನಷ್ಟವೂ ಪೂರ್ತಿಯಾಗಿ ಬ್ರೂವರಿಯದೇ.

ಕಡಿಮೆ ಬೆಲೆಗೆ ಸಿಗುವ ಹಳೆಯ ಕೆಗ್‌ಗಳನ್ನು ಕೊಳ್ಳುವುದೂ ಉಂಟು. ಇಲ್ಲಿ ಎಚ್ಚರಿಕೆ ಅಗತ್ಯ. ಮತ್ತೊಂದು ಬ್ರೂವರಿಯ ಹೆಸರಿನ ಅಚ್ಚುಳ್ಳ ಕೆಗ್, ಆ ಬ್ರೂವರಿ ಅದನ್ನು ಮಾರಿರುವ ದಾಖಲೆ ಇಲ್ಲದಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಇನ್ನೂ ಆ ಬ್ರೂವರಿಯ ಸ್ವತ್ತು.

ಗುತ್ತಿಗೆ

ಗುತ್ತಿಗೆಯಲ್ಲಿ ಮೂರು ಮುಖ್ಯ ಬಗೆಗಳಿವೆ.

ಅವಧಿ ಗುತ್ತಿಗೆ: ಬ್ರೂವರಿಯು ನಿಗದಿತ ಸಂಖ್ಯೆಯ ಕೆಗ್‌ಗಳನ್ನು ಕೆಲವು ವರ್ಷಗಳ ಮಟ್ಟಿಗೆ ಪಡೆದು, ಪ್ರತಿ ಕೆಗ್‌ಗೆ ತಿಂಗಳಿಗಿಷ್ಟು ಎಂದು ಬಾಡಿಗೆ ಕೊಡುತ್ತದೆ. ಕೆಗ್ ತುಂಬಿರಲಿ, ಖಾಲಿ ಇರಲಿ, ಬಾಡಿಗೆ ತಪ್ಪುವುದಿಲ್ಲ. ಅವಧಿ ಮುಗಿದಾಗ ಕೆಗ್‌ಗಳನ್ನು ಹಿಂದಿರುಗಿಸಬೇಕು. ಕಾಣೆಯಾದವುಗಳಿಗೆ ಒಪ್ಪಂದದಲ್ಲಿ ಬರೆದ ಬೆಲೆಯನ್ನು ತೆರಬೇಕು.

ಒಡೆತನಕ್ಕೆ ದಾರಿಮಾಡುವ ಗುತ್ತಿಗೆ: ಇಲ್ಲಿ ತಿಂಗಳ ಕಂತು ಸ್ವಲ್ಪ ಹೆಚ್ಚು. ಅವಧಿಯ ಕೊನೆಯಲ್ಲಿ ಸಣ್ಣ ಮೊತ್ತಕ್ಕೆ ಕೆಗ್‌ಗಳು ಬ್ರೂವರಿಯದಾಗುತ್ತವೆ. ಸ್ವರೂಪದಲ್ಲಿ ಇದು ಸಾಲದ ಮೇಲಿನ ಖರೀದಿಗೆ ಸಮೀಪವಾದದ್ದು.

ತುಂಬಿದಷ್ಟಕ್ಕೆ ಶುಲ್ಕ: ಈ ಪದ್ಧತಿಯಲ್ಲಿ ಹಲವು ಬ್ರೂವರಿಗಳು ಒಂದೇ ಕಂಪನಿಯ ಕೆಗ್‌ಗಳನ್ನು ಹಂಚಿಕೊಳ್ಳುತ್ತವೆ. ಪ್ರತಿ ಬಾರಿ ಕೆಗ್ ತುಂಬಿದಾಗ ಮಾತ್ರ ಶುಲ್ಕ ಸಲ್ಲುತ್ತದೆ. ವಿತರಕನ ಬಳಿ ಖಾಲಿಯಾದ ಕೆಗ್ಗನ್ನು ಕಂಪನಿಯೇ ಎತ್ತಿಕೊಂಡು, ಮೂಲ ಬ್ರೂವರಿಗೇ ಮರಳಿಸುವ ಬದಲು, ಹತ್ತಿರದಲ್ಲಿ ಕೆಗ್ ಬೇಕಾಗಿರುವ ಬೇರೊಂದು ಬ್ರೂವರಿಗೆ ತಲುಪಿಸುತ್ತದೆ. ನಮ್ಮ ಮನೆಗಳ ಅಡುಗೆ ಅನಿಲದ ಸಿಲಿಂಡರ್ ಇದಕ್ಕೆ ಹತ್ತಿರದ ಹೋಲಿಕೆ. ಖಾಲಿ ಕೊಟ್ಟು ತುಂಬಿದ್ದನ್ನು ಪಡೆಯುತ್ತೇವೆ, ಹಿಂದಿನ ಸಿಲಿಂಡರೇ ಮರಳಿ ಬರಬೇಕೆಂದಿಲ್ಲ. ಖಾಲಿ ಕೆಗ್‌ಗಳನ್ನು ದೂರದಿಂದ ಹೊತ್ತು ತರುವ ವೆಚ್ಚ ಬ್ರೂವರಿಗೆ ಉಳಿಯುವುದೇ ಇದರ ದೊಡ್ಡ ಲಾಭ. ಆದರೆ ಕೆಗ್‌ನ ಮೇಲೆ ಬ್ರೂವರಿಯ ಹೆಸರಿರುವುದಿಲ್ಲ. ತೊಳೆಯುವ ಹೊಣೆಯೂ ಸಾಮಾನ್ಯವಾಗಿ ಬ್ರೂವರಿಯದೇ ಆಗಿರುತ್ತದೆ.

ಮಾದರಿ ಲೆಕ್ಕ

ಕೆಳಗಿನ ದರಗಳು ಲೆಕ್ಕವನ್ನು ತಿಳಿಸಲೆಂದು ಕಲ್ಪಿಸಿಕೊಂಡವು. ಯಾವುದೇ ಕಂಪನಿಯ ದರಗಳಲ್ಲ. ಮೇಲೆ ಹೇಳಿದ, ವಾರಕ್ಕೆ 20 ಅರ್ಧ ಬ್ಯಾರೆಲ್ ಕೆಗ್ ತುಂಬುವ, ಎಂಟು ವಾರದ ಸುತ್ತಿನ ಘಟಕವನ್ನೇ ತೆಗೆದುಕೊಳ್ಳಲಾಗಿದೆ. ಕೆಗ್‌ನ ಬೆಲೆ 130 ಡಾಲರ್, ಅವಧಿ ಗುತ್ತಿಗೆಯ ಬಾಡಿಗೆ ತಿಂಗಳಿಗೆ 2.50 ಡಾಲರ್, ಪ್ರತಿ ತುಂಬುವಿಕೆಯ ಶುಲ್ಕ 8 ಡಾಲರ್ ಎಂದಿರಲಿ.

• ಖರೀದಿ: 160 × 130 = 20,800 ಡಾಲರ್, ಮೊದಲಿಗೇ.
• ಅವಧಿ ಗುತ್ತಿಗೆ: 160 × 2.50 × 12 = ವರ್ಷಕ್ಕೆ 4,800 ಡಾಲರ್.
• ತುಂಬಿದಷ್ಟಕ್ಕೆ ಶುಲ್ಕ: 20 × 52 × 8 = ವರ್ಷಕ್ಕೆ 8,320 ಡಾಲರ್.

ಇದರಂತೆ ಅವಧಿ ಗುತ್ತಿಗೆಯ ಒಟ್ಟು ಬಾಡಿಗೆ ಸುಮಾರು ನಾಲ್ಕು ವರ್ಷ ನಾಲ್ಕು ತಿಂಗಳಲ್ಲಿ ಖರೀದಿಯ ಬೆಲೆಗೆ ಸಮವಾಗುತ್ತದೆ. ತುಂಬಿದಷ್ಟಕ್ಕೆ ಕೊಡುವ ಶುಲ್ಕವು ಎರಡೂವರೆ ವರ್ಷದಲ್ಲೇ ಸಮವಾಗುತ್ತದೆ. ಅನಂತರದ ವರ್ಷಗಳಲ್ಲಿ ಖರೀದಿಯೇ ಅಗ್ಗ. ಖರೀದಿಯ ಪರವಾದ ವಾದದ ತಿರುಳು ಇದು.

ಈಗ ಮೊದಲ ವರ್ಷ ನಿರೀಕ್ಷೆಯ ಅರ್ಧದಷ್ಟೇ ಬಿಯರ್ ಮಾರಾಟವಾಯಿತು ಎಂದಿಟ್ಟುಕೊಳ್ಳೋಣ. ತುಂಬಿದಷ್ಟಕ್ಕೆ ಕೊಡುವ ಶುಲ್ಕ 4,160 ಡಾಲರಿಗೆ ಇಳಿಯುತ್ತದೆ. ಅವಧಿ ಗುತ್ತಿಗೆಯ 4,800 ಡಾಲರ್ ಇಳಿಯುವುದಿಲ್ಲ. ಖರೀದಿಸಿದ ಘಟಕದಲ್ಲಿ 80 ಕೆಗ್‌ಗಳು, ಅಂದರೆ 10,400 ಡಾಲರ್, ಕೆಲಸವಿಲ್ಲದೆ ಕೂರುತ್ತವೆ. ಸಾಲ ಮಾಡಿ ಕೊಂಡಿದ್ದರೆ ಅದರ ಬಡ್ಡಿಯೂ ಸೇರುತ್ತದೆ. ಹೀಗೆ ಮಾರಾಟದ ಅನಿಶ್ಚಿತತೆಯ ಹೊರೆಯನ್ನು ಯಾರು ಹೊರುತ್ತಾರೆ ಎಂಬುದೇ ಮೂರು ವಿಧಾನಗಳ ನಡುವಿನ ನಿಜವಾದ ವ್ಯತ್ಯಾಸ. ತುಂಬಿದಷ್ಟಕ್ಕೆ ಕೊಡುವ ದುಬಾರಿ ಶುಲ್ಕದಲ್ಲಿ ಆ ಹೊರೆಯ ಬೆಲೆಯೂ, ಮರಳಿ ಸಾಗಿಸುವ ವೆಚ್ಚವೂ ಅಡಗಿರುತ್ತವೆ. ಆದ್ದರಿಂದ ಹೋಲಿಸುವಾಗ ಖರೀದಿಯ ಕಡೆಗೆ ಸಾಗಣೆ, ದುರಸ್ತಿ ಮತ್ತು ಕಳೆದ ಕೆಗ್‌ಗಳ ವೆಚ್ಚವನ್ನು ಸೇರಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಕಳೆದುಹೋಗುವ ಕೆಗ್‌ಗಳು ಮತ್ತು ಠೇವಣಿ

ಕೆಗ್‌ಗಳು ಕಳೆದುಹೋಗುವುದು ಈ ಉದ್ಯಮದ ಹಳೆಯ ಸಮಸ್ಯೆ. ಕೆಲವು ಬಾರಿನ ಹಿಂಬದಿಯಲ್ಲಿ ಉಳಿಯುತ್ತವೆ. ಕೆಲವು ತಪ್ಪಾಗಿ ಬೇರೆ ಬ್ರೂವರಿಗೆ ಹೋಗುತ್ತವೆ. ಕೆಲವನ್ನು ಮನೆಯಲ್ಲಿ ಬಿಯರ್ ತಯಾರಿಸುವವರು ಪಾತ್ರೆಗಳನ್ನಾಗಿ ಕತ್ತರಿಸಿಕೊಳ್ಳುತ್ತಾರೆ. ಕೆಲವು ಗುಜರಿಗೆ ಸೇರುತ್ತವೆ. ತುಕ್ಕು ಹಿಡಿಯದ ಉಕ್ಕಿನಲ್ಲಿರುವ ನಿಕ್ಕಲ್ ಲೋಹದ ಬೆಲೆ 2007ರಲ್ಲಿ ವಿಪರೀತ ಏರಿದಾಗ, ಗುಜರಿಗಾಗಿ ಕೆಗ್ ಕಳವು ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಗಂಭೀರ ಸ್ವರೂಪ ತಾಳಿತು.

ಇದನ್ನು ತಡೆಯಲು ಠೇವಣಿ ಪದ್ಧತಿ ಇದೆ. ಕೆಗ್ ಪಡೆಯುವವನು ಒಂದು ಮೊತ್ತವನ್ನು ಮುಂಗಡವಾಗಿ ಕೊಟ್ಟು, ಖಾಲಿ ಕೆಗ್ ಮರಳಿಸಿದಾಗ ಅದನ್ನು ಹಿಂಪಡೆಯುತ್ತಾನೆ. ಅಮೆರಿಕದಲ್ಲಿ 30 ಡಾಲರಿನ ಠೇವಣಿ ಬಹುಕಾಲ ರೂಢಿಯಲ್ಲಿತ್ತು. ಹೊಸ ಕೆಗ್‌ನ ಬೆಲೆ ನೂರು ಡಾಲರಿಗಿಂತ ಮೇಲಿರುವುದರಿಂದ ಈ ಮೊತ್ತ ನಷ್ಟವನ್ನು ತುಂಬುವುದಿಲ್ಲ. ಮೇಲಿನ ಮಾದರಿಯಲ್ಲಿ ವರ್ಷಕ್ಕೆ ನೂರಕ್ಕೆ ಐದರಂತೆ 8 ಕೆಗ್‌ಗಳು ಕಳೆದವೆಂದರೆ ನಷ್ಟ 1,040 ಡಾಲರ್. ಉಳಿದ ಠೇವಣಿಯಿಂದ ತುಂಬಿಬರುವುದು 240 ಡಾಲರ್ ಮಾತ್ರ. ಠೇವಣಿಯು ಮರಳಿ ಕೊಡಬೇಕಾದ ಹಣವಾದ್ದರಿಂದ, ಲೆಕ್ಕಪತ್ರದಲ್ಲಿ ಅದನ್ನು ಆದಾಯವೆಂದು ಬರೆಯದೆ ಹೊಣೆಗಾರಿಕೆಯೆಂದು ಬರೆಯಬೇಕು. ಹೊಸ ಘಟಕಗಳು ಇದನ್ನು ಖರ್ಚು ಮಾಡಿಬಿಟ್ಟರೆ ಕೆಗ್‌ಗಳು ಒಟ್ಟಿಗೆ ಮರಳಿದಾಗ ಹಣದ ಮುಗ್ಗಟ್ಟು ಉಂಟಾಗುತ್ತದೆ.

ಪ್ರತಿ ಕೆಗ್‌ಗೂ ಕ್ರಮಸಂಖ್ಯೆ ಅಥವಾ ಬಾರ್‌ಕೋಡ್ ಅಂಟಿಸಿ, ಅದು ಯಾವ ದಿನ ಯಾರ ಬಳಿಗೆ ಹೋಯಿತೆಂದು ಬರೆದಿಡುವುದು ಸಣ್ಣ ಘಟಕಕ್ಕೂ ಸಾಧ್ಯವಿರುವ ಉಪಾಯ. ಗುತ್ತಿಗೆಯ ಕೆಗ್‌ಗಳಿಗೂ ಇಂತಹ ದಾಖಲೆ ಅಷ್ಟೇ ಅಗತ್ಯ, ಏಕೆಂದರೆ ಕಾಣೆಯಾದ ಕೆಗ್‌ಗೆ ಹಣ ತೆರಬೇಕಾದವರು ಗುತ್ತಿಗೆ ಪಡೆದವರೇ.

ಸ್ವಚ್ಛತೆ ಮತ್ತು ಸುರಕ್ಷತೆ

ಸ್ವಂತದ್ದಾಗಲಿ ಗುತ್ತಿಗೆಯದಾಗಲಿ, ಮರಳಿ ಬಂದ ಕೆಗ್ಗನ್ನು ಕ್ಷಾರದ್ರಾವಣದಿಂದ ತೊಳೆದು, ನೀರಿನಿಂದ ಜಾಲಿಸಿ, ಹಬೆ ಅಥವಾ ರಾಸಾಯನಿಕದಿಂದ ಸೋಂಕು ನಿವಾರಿಸಿ, ಒಳಗಿನ ಗಾಳಿಯನ್ನು ಇಂಗಾಲದ ಡೈಆಕ್ಸೈಡಿನಿಂದ ಹೊರತಳ್ಳಿದ ಮೇಲೆಯೇ ತುಂಬಬೇಕು. ತೊಳೆಯುವ ಯಂತ್ರದ ವೆಚ್ಚ ಎರಡೂ ವಿಧಾನಗಳಲ್ಲಿ ತಪ್ಪದು. ಹಂಚಿಕೊಳ್ಳುವ ಕೆಗ್‌ಗಳಲ್ಲಿ ಹಿಂದೆ ಯಾವ ಬಗೆಯ ಬಿಯರ್ ಇತ್ತೆಂದು ತಿಳಿಯದಿರುವುದರಿಂದ ತೊಳೆಯುವಿಕೆಯಲ್ಲಿ ಇನ್ನಷ್ಟು ಶಿಸ್ತು ಬೇಕು. ಕೆಗ್ ಒತ್ತಡದ ಪಾತ್ರೆಯಾದ್ದರಿಂದ ಒಳಗಿನ ಒತ್ತಡವನ್ನು ಪೂರ್ತಿ ಇಳಿಸದೆ ಸ್ಪಿಯರ್ ಬಿಚ್ಚುವುದು ಪ್ರಾಣಾಪಾಯಕಾರಿ. 2012ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬ್ರೂವರಿಯೊಂದರಲ್ಲಿ ಸ್ವಚ್ಛಗೊಳಿಸುತ್ತಿದ್ದಾಗ ಪ್ಲಾಸ್ಟಿಕ್ ಕೆಗ್ ಒಂದು ಸಿಡಿದು ಕಾರ್ಮಿಕನೊಬ್ಬ ಮೃತಪಟ್ಟನು.

ಒಮ್ಮೆ ಮಾತ್ರ ಬಳಸುವ ಕೆಗ್‌ಗಳು

ಖರೀದಿ ಮತ್ತು ಗುತ್ತಿಗೆಗಳೆರಡಕ್ಕೂ ಹೊರತಾದ ಮೂರನೆಯ ದಾರಿಯೂ ಇದೆ. ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಕೀಕೆಗ್‌ನಂತಹ ಪ್ಲಾಸ್ಟಿಕ್ ಕೆಗ್‌ಗಳನ್ನು ಒಮ್ಮೆ ಬಳಸಿ ಮರುಬಳಕೆಯ ಕಚ್ಚಾವಸ್ತುವಾಗಿ ಒಪ್ಪಿಸಲಾಗುತ್ತದೆ. ಕೀಕೆಗ್‌ನಲ್ಲಿ ಬಿಯರ್ ಒಳಗಿನ ಚೀಲದಲ್ಲಿದ್ದು, ಬಡಿಸುವ ಅನಿಲ ಚೀಲದ ಹೊರಗಿನಿಂದ ಒತ್ತುತ್ತದೆ. ಇವು ಹಗುರ, ಮರಳಿ ತರಬೇಕಾಗಿಲ್ಲ, ತೊಳೆಯಬೇಕಾಗಿಲ್ಲ. ಹೀಗಾಗಿ ರಫ್ತಿಗೆ ಇವು ಅನುಕೂಲ. ಆದರೆ ಪ್ರತಿ ಬಾರಿಯೂ ಹೊಸ ಕೆಗ್‌ನ ಬೆಲೆ ತೆರಬೇಕಾದ್ದರಿಂದ ಹತ್ತಿರದ ಮಾರಾಟಕ್ಕೆ ದುಬಾರಿ.

ಮಿಶ್ರ ವಿಧಾನ

ಹಲವು ಬ್ರೂವರಿಗಳು ಈ ವಿಧಾನಗಳನ್ನು ಬೆರೆಸಿ ಬಳಸುತ್ತವೆ. ತಮ್ಮ ಆವರಣದಲ್ಲಿ ಮತ್ತು ಊರೊಳಗೆ ಬೇಗ ಮರಳುವ ಬಳಕೆಗೆ ಸ್ವಂತ ಕೆಗ್‌ಗಳು, ದೂರದ ಮಾರುಕಟ್ಟೆಗೆ ಹಂಚಿಕೆಯ ಕೆಗ್‌ಗಳು, ಹಬ್ಬದ ಕಾಲದ ಹೆಚ್ಚುವರಿ ಬೇಡಿಕೆಗೆ ಅಲ್ಪಾವಧಿಯ ಗುತ್ತಿಗೆ, ಹೀಗೆ ವಿಭಾಗಿಸಿಕೊಳ್ಳುವುದು ಸಾಮಾನ್ಯ. ವರ್ಷವಿಡೀ ತಪ್ಪದೆ ಬೇಕಾಗುವ ಕನಿಷ್ಠ ಸಂಖ್ಯೆಯನ್ನು ಕೊಂಡು, ಅದರ ಮೇಲಿನ ಏರಿಳಿತಕ್ಕೆ ಬಾಡಿಗೆಯನ್ನು ನೆಚ್ಚುವುದು ಇದರ ಹಿಂದಿನ ತತ್ತ್ವ.

2020ರ ಮಾರ್ಚ್‌ನಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಬಾರ್‌ಗಳು ಮುಚ್ಚಿದಾಗ ಈ ಸಮತೋಲನದ ಮಹತ್ವ ಎದ್ದುಕಂಡಿತು. ಬಿಯರ್ ತುಂಬಿದ ಕೆಗ್‌ಗಳು ಇದ್ದಲ್ಲೇ ಉಳಿದು ಹಳಸಿದವು. ಇಂತಹ ಸಂದರ್ಭದಲ್ಲಿ ತಿಂಗಳ ಬಾಡಿಗೆಯ ಹೊಣೆ ಹೊತ್ತವರಿಗೆ ಆದಾಯ ನಿಂತರೂ ಕಂತು ನಿಲ್ಲುವುದಿಲ್ಲ.

ಒಪ್ಪಂದದಲ್ಲಿ ಗಮನಿಸಬೇಕಾದ ಅಂಶಗಳು

• ಗುತ್ತಿಗೆಯ ಅವಧಿ ಎಷ್ಟು? ನಡುವೆ ಬಿಟ್ಟರೆ ದಂಡವೆಷ್ಟು?
• ಕಾಣೆಯಾದ ಕೆಗ್‌ಗೆ ತೆರಬೇಕಾದ ಬೆಲೆ ಎಷ್ಟು? ವರ್ಷ ಕಳೆದಂತೆ ಅದು ಇಳಿಯುತ್ತದೆಯೇ?
• ಕವಾಟ ಮತ್ತು ಸೀಲುಗಳ ದುರಸ್ತಿ ಯಾರ ಹೊಣೆ?
• ಖಾಲಿ ಕೆಗ್‌ಗಳ ಸಾಗಣೆ ವೆಚ್ಚ ಯಾರದು?
• ಕನಿಷ್ಠ ಇಷ್ಟು ತುಂಬಲೇಬೇಕೆಂಬ ಷರತ್ತು ಇದೆಯೇ?
• ಕೊನೆಯಲ್ಲಿ ಕೊಳ್ಳುವ ಅವಕಾಶವಿದ್ದರೆ, ಆ ಬೆಲೆಯನ್ನು ಮೊದಲೇ ಬರೆಯಲಾಗಿದೆಯೇ?

ಬೆಂಗಳೂರಿನ ಸಂದರ್ಭ

ಬೆಂಗಳೂರಿನ ಪಬ್‌ಗಳಲ್ಲಿ 1980ರ ದಶಕದಿಂದಲೂ ಡ್ರಾಟ್ ಬಿಯರ್ ಪ್ರಚಲಿತವಾಗಿದೆ. 2010ರ ನಂತರ ನಗರದಲ್ಲಿ ಬೆಳೆದ ಮೈಕ್ರೋಬ್ರೂವರಿಗಳು ತಾವು ತಯಾರಿಸಿದ ಬಿಯರನ್ನು ತಮ್ಮ ಆವರಣದಲ್ಲೇ ಬಡಿಸುತ್ತವೆ. ಹೀಗೆ ಬಡಿಸುವಾಗ ಬಿಯರ್ ಶೇಖರಣಾ ತೊಟ್ಟಿಯಿಂದಲೇ ನಲ್ಲಿಗೆ ಬರಬಹುದಾದ್ದರಿಂದ, ಊರೂರಿಗೆ ಕೆಗ್ ಕಳುಹಿಸಿ ಮರಳಿ ಪಡೆಯುವ ಹೊರೆ ಇರುವುದಿಲ್ಲ. ಕೆಗ್‌ಗಳ ಖರೀದಿ ಮತ್ತು ಗುತ್ತಿಗೆಯ ಪ್ರಶ್ನೆ ಮುಖ್ಯವಾಗುವುದು ಬಿಯರ್ ತಯಾರಾದ ಆವರಣವನ್ನು ದಾಟಿ ಹೊರಗೆ ಹೋಗುವಲ್ಲಿ.

ಇವನ್ನೂ ನೋಡಿ

• ಬಿಯರ್
• ಹುದುಗುವಿಕೆ
• ತುಕ್ಕು ಹಿಡಿಯದ ಉಕ್ಕು
• ಸವಕಳಿ
• ಗುತ್ತಿಗೆ